ಮಡಿಕೇರಿಯ ಲೆಬನಾನಿ ಬೇಕರಿ ಕೆಫೆ: ಐವತ್ತು ನಿಮಿಷ ಕಾದರೂ ಆರಿದ ರೊಟ್ಟಿಯೇ ಸಿಕ್ಕಿತು, ಏನು ಮಾಡಬೇಕು?

ಕಿತ್ತಳೆತೋಟ ಕೇಳಿದ್ದಾರೆ:

ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಲೆಬನಾನ್ ದೇಶದ ರೊಟ್ಟಿಗಳನ್ನು ಸುಟ್ಟು ಕೊಡುವ ಬೇಕರಿ ಕೆಫೆಯೊಂದಿದೆ. ಅದರ ಹೆಸರನ್ನು ಬರೆಯುವುದಿಲ್ಲ, ಏಕೆಂದರೆ ಅಂಗಡಿಯವರನ್ನು ದೂರುವುದಕ್ಕಿಂತ ತಿಳಿದವರಿಂದ ಸಲಹೆ ಪಡೆಯುವುದು ನನಗೆ ಮುಖ್ಯ.

ಕಳೆದ ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ. ಅವರಿಗೆ ಎಪ್ಪತ್ತೆರಡು ವರ್ಷ, ಮೊಣಕಾಲು ನೋವಿದೆ, ಹೊರಗೆ ಜಿಟಿಜಿಟಿ ಮಳೆ. ರಾಜಾಸೀಟ್ ನೋಡಲು ಬಂದ ಪ್ರವಾಸಿಗರಿಂದ ಒಳಗೆ ಕಾಲಿಡಲೂ ಜಾಗವಿರಲಿಲ್ಲ. ದುಡ್ಡು ಕೊಟ್ಟು ಐವತ್ತು ನಿಮಿಷ ಕಾದೆವು. ಅಷ್ಟರಲ್ಲಿ ಫೋನಿನಲ್ಲಿ ಹೇಳಿಟ್ಟವರು, ನಮಗಿಂತ ತಡವಾಗಿ ಬಂದವರು ಪಾರ್ಸೆಲ್ ಹಿಡಿದು ಹೊರಟುಹೋದರು. ಕೊನೆಗೆ ನಮ್ಮ ಮೇಜಿಗೆ ಬಂದ, ಝಾತರ್ ಎಂಬ ಒಣಸೊಪ್ಪಿನ ಮಸಾಲೆ ಸವರಿದ ರೊಟ್ಟಿ ಆರಿ ತೊಗಲಿನಂತಾಗಿತ್ತು; ಚೀಸ್ ಹಾಕಿದ ರೊಟ್ಟಿಯಲ್ಲಿ ಉಪ್ಪು ಎಷ್ಟಿತ್ತೆಂದರೆ ಅತ್ತೆಯವರು ಎರಡು ತುತ್ತು ತಿಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಈ ತಿಂಡಿಗಳ ರುಚಿಯೇ ಹೀಗೋ, ಅಥವಾ ಅಂದು ಹದ ತಪ್ಪಿತ್ತೋ? ಯಾವ ಹೊತ್ತಿಗೆ ಹೋದರೆ ಒಳ್ಳೆಯದು? ಮಾಲೀಕರ ಮನಸ್ಸು ನೋಯದಂತೆ ಇದನ್ನು ಹೇಳುವುದು ಹೇಗೆ?

ಹಳೆಯ ಶಾರ್ಜಾದವನು ಉತ್ತರಿಸಿದ್ದಾರೆ:

ಅಕ್ಕ, ನಾನು ಶಾರ್ಜಾದಲ್ಲಿ ಒಂಬತ್ತು ವರ್ಷ ಇಂಥದ್ದೇ ಒಂದು ಬೇಕರಿಯ ಗಲ್ಲಾದಲ್ಲಿ ಕುಳಿತವನು. ನೀವು ತಿಂದದ್ದರ ಹೆಸರು ಮನೂಶೆ, ಬಹುವಚನದಲ್ಲಿ ಮನಾಕೀಶ್. ನಾದಿ ಹುಳಿ ಬರಿಸಿದ ಗೋಧಿ ಹಿಟ್ಟನ್ನು ತಟ್ಟಿ, ಬೆರಳ ತುದಿಗಳಿಂದ ಮೇಲೆಲ್ಲ ಒತ್ತಿ ಸಣ್ಣ ಗುಳಿಗಳನ್ನು ಮಾಡುತ್ತಾರೆ. ಆಲಿವ್ ಎಣ್ಣೆಯಲ್ಲಿ ಕಲಸಿದ ಝಾತರ್ ಆ ಗುಳಿಗಳಲ್ಲಿ ನಿಲ್ಲುತ್ತದೆ, ಅಂಚಿಗೆ ಹರಿಯುವುದಿಲ್ಲ. ಕೆತ್ತುವುದು, ಅಚ್ಚೊತ್ತುವುದು ಎಂಬ ಅರ್ಥದ ಅರಬ್ಬಿ ಧಾತುವಿನಿಂದಲೇ ಆ ಹೆಸರು ಬಂದಿದೆ. ನಾವು ದಿನವೂ ಆಡುವ ‘ನಕ್ಷೆ’ ಎಂಬ ಮಾತಿನ ಮೂಲವೂ ಅದೇ ಎಂದು ಅಲ್ಲಿನ ಮೇಸ್ತ್ರಿಯೊಬ್ಬರಿಂದ ತಿಳಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಇದು ಮೂಲತಃ ಬೆಳಗಿನ ತಿಂಡಿ. ಲೆಬನಾನಿನಲ್ಲಿ ಕೆಲಸಕ್ಕೆ ಹೋಗುವವರು ಓವನ್ನಿನ ಮುಂದೆ ನಿಂತು, ಬಿಸಿಯಿರುವಾಗಲೇ ಮಡಚಿ, ಕಾಗದದಲ್ಲಿ ಸುತ್ತಿ ತಿನ್ನುತ್ತಾರೆ. 2023ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಇದನ್ನು ಸೇರಿಸಿತು. ಓವನ್ನಿನ ಶಾಖ ಬಹಳ ಹೆಚ್ಚಿರುವುದರಿಂದ ಒಂದು ರೊಟ್ಟಿ ಕೆಲವೇ ನಿಮಿಷಗಳಲ್ಲಿ ಬೇಯುತ್ತದೆ, ಆರಿದರೆ ಅಷ್ಟೇ ಬೇಗ ಕೆಡುತ್ತದೆ. ನಿಮ್ಮ ರೊಟ್ಟಿ ಬೆಂದ ಮೇಲೆ ಕೌಂಟರಿನ ಮೇಲೆ ಬಹಳ ಹೊತ್ತು ಕುಳಿತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ವಾರದ ದಿನಗಳಲ್ಲಿ ಬೆಳಿಗ್ಗೆ ಎಂಟೂವರೆಯಿಂದ ಹತ್ತರೊಳಗೆ ಹೋಗಿ ಓವನ್ ಕಾಣುವ ಮೇಜಿನಲ್ಲಿ ಕುಳಿತುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಹೇಳದೆ, ಒಂದನ್ನು ತಿಂದು ಮುಗಿಸುವಾಗ ಇನ್ನೊಂದನ್ನು ಹೇಳಿ.

ಗೋಣಿಕೊಪ್ಪದ ಅಡುಗೆಮನೆ ಉತ್ತರಿಸಿದ್ದಾರೆ:

ಉಪ್ಪಿನ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಮನೆಯಲ್ಲಿ ಇದನ್ನು ಹಲವು ಸಲ ಮಾಡಿ, ಕೆಡಿಸಿ ಕಲಿತವಳು ನಾನು. ಈ ರೊಟ್ಟಿಗೆ ಹಾಕುವ ಅಕ್ಕಾವಿ ಎಂಬ ಚೀಸನ್ನು ಉಪ್ಪುನೀರಿನಲ್ಲಿ ಇಟ್ಟಿರುತ್ತಾರೆ. ಅದನ್ನು ಹೋಳು ಮಾಡಿ ಸಿಹಿನೀರಿನಲ್ಲಿ ನೆನೆಹಾಕಿ, ನಡುವೆ ನೀರು ಬದಲಿಸಿ ಉಪ್ಪು ಬಿಡಿಸಿದ ಮೇಲೆಯೇ ಬಳಸಬೇಕು. ಜನಜಂಗುಳಿಯ ದಿನ ಮೊದಲೇ ನೆನೆಸಿಟ್ಟದ್ದು ಮುಗಿದು, ಅರೆನೆನೆದದ್ದನ್ನು ಹಾಕಿರಬಹುದು. ಆದ್ದರಿಂದ ‘ಉಪ್ಪು ಜಾಸ್ತಿ’ ಎನ್ನುವ ಬದಲು ‘ಚೀಸ್ ಇನ್ನಷ್ಟು ಹೊತ್ತು ನೆನೆಯಬೇಕಿತ್ತೇನೋ’ ಎಂದು ಹೇಳಿ ನೋಡಿ. ಕೆಲಸ ತಿಳಿದವರಿಗೆ ಆ ಒಂದು ಮಾತೇ ಸಾಕು.

ಮನೆಗೆ ಪಾರ್ಸೆಲ್ ತಂದರೆ ಡಬ್ಬಿಯ ಮುಚ್ಚಳವನ್ನು ದಾರಿಯಲ್ಲೇ ಸ್ವಲ್ಪ ತೆರೆದಿಡಿ, ಇಲ್ಲದಿದ್ದರೆ ಹಬೆ ಕೂತು ರೊಟ್ಟಿಯ ತಳ ಒದ್ದೆಯಾಗುತ್ತದೆ. ಉಳಿದದ್ದನ್ನು ಫ್ರಿಜ್ಜಿನಲ್ಲಿ ಇಡಬೇಡಿ. ಆ ತಂಪಿನಲ್ಲಿ ಹಿಟ್ಟಿನ ಪಿಷ್ಟ ಹೊರಗಿಟ್ಟದ್ದಕ್ಕಿಂತಲೂ ಬೇಗ ಬಿಗಿಯುತ್ತದೆ. ನಮ್ಮ ಅಕ್ಕಿ ರೊಟ್ಟಿ ಆರಿದ ಮೇಲೆ ಗಟ್ಟಿಯಾಗುವುದೂ ಪಿಷ್ಟ ಹೀಗೆ ಬಿಗಿಯುವುದರಿಂದಲೇ. ಎಣ್ಣೆ ಹಾಕದ ಕಾವಲಿಯ ಮೇಲೆ ತಟ್ಟೆ ಮುಚ್ಚಿ ಎರಡು ನಿಮಿಷ ಬಿಸಿ ಮಾಡಿದರೆ ರೊಟ್ಟಿ ಮತ್ತೆ ಮೆತ್ತಗಾಗುತ್ತದೆ.

ಸೋಮವಾರಪೇಟೆ ಓದುಗ ಉತ್ತರಿಸಿದ್ದಾರೆ:

ಮೇಲಿನ ಇಬ್ಬರೂ ತಿಳಿದವರು, ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಗಿರಾಕಿಯೇ ಹೊತ್ತು ನೋಡಿ ಹೋಗಬೇಕು, ಗಿರಾಕಿಯೇ ಮಾತು ತೂಗಿ ಆಡಬೇಕು ಎಂದರೆ ಅಂಗಡಿಯವರ ಹೊಣೆ ಏನು ಉಳಿಯಿತು? ಎಪ್ಪತ್ತು ದಾಟಿದ ಹಿರಿಯರು ಕಾಯುತ್ತಿರುವಾಗ ತಡವಾಗಿ ಬಂದವರಿಗೆ ಮೊದಲು ಕೊಟ್ಟದ್ದು ರೊಟ್ಟಿಯ ಹದಕ್ಕೆ ಸಂಬಂಧಿಸಿದ ವಿಷಯವಲ್ಲ. ಕುಳಿತು ತಿನ್ನುವವರಿಗೂ ಪಾರ್ಸೆಲ್ಲಿನವರಿಗೂ ಒಂದೇ ಪುಸ್ತಕದಿಂದ ಟೋಕನ್ ಹರಿದು ಕೊಟ್ಟು, ಆ ಸಂಖ್ಯೆಯಂತೆಯೇ ಓವನ್ನಿಗೆ ಹಾಕಿದರೆ ಜಗಳವೇ ಹುಟ್ಟುವುದಿಲ್ಲ. ಅದನ್ನು ನೇರವಾಗಿ ಹೇಳಿ, ಸಂಕೋಚಪಡಬೇಡಿ.

ಜೊತೆಗೆ ಇನ್ನೊಂದು ವಿಷಯ. ನನ್ನ ತಂಗಿಯ ಮಗನಿಗೆ ಎಳ್ಳು ಆಗುವುದಿಲ್ಲ. ಬೇರೊಂದು ಊರಿನ ಇಂಥ ಕೆಫೆಯಲ್ಲಿ ‘ಗೋಡಂಬಿ, ಬಾದಾಮಿ ಏನೂ ಇಲ್ಲ’ ಎಂಬ ಮಾತನ್ನು ನಂಬಿ ಹುಮುಸ್ ತಿನ್ನಿಸಿದೆವು. ಅರ್ಧ ಗಂಟೆಯೊಳಗೆ ಮಗುವಿನ ತುಟಿ ಊದಿಕೊಂಡು ಆಸ್ಪತ್ರೆಗೆ ಓಡಬೇಕಾಯಿತು. ಹುಮುಸ್‌ನಲ್ಲಿ ಕಡಲೆಯೊಂದಿಗೆ ಬೆರೆಸುವ ತಹಿನಿ ಎಂದರೆ ಎಳ್ಳನ್ನೇ ನುಣ್ಣಗೆ ಅರೆದದ್ದು, ಝಾತರ್‌ನಲ್ಲಿಯೂ ಎಳ್ಳು ಇರುತ್ತದೆ. ಚಿಕ್ಕ ಮಕ್ಕಳನ್ನು ಕರೆದೊಯ್ಯುವವರು ‘ಎಳ್ಳು’ ಎಂಬ ಪದವನ್ನೇ ಬಳಸಿ ಕೇಳಬೇಕೆಂದು ಕಳಕಳಿಯಿಂದ ವಿನಂತಿಸುತ್ತೇನೆ.

ಕಿತ್ತಳೆತೋಟ ಮತ್ತೆ ಬರೆದಿದ್ದಾರೆ:

ಮೂವರಿಗೂ ನಾನು ಋಣಿ. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಅತ್ತೆಯವರೊಂದಿಗೆ ಮತ್ತೆ ಹೋಗಿದ್ದೆ. ನಮ್ಮನ್ನು ಬಿಟ್ಟರೆ ಕೋರ್ಟಿನ ಕಡೆಗೆ ಹೊರಟಿದ್ದ ಇಬ್ಬರು ಮಾತ್ರ ಇದ್ದರು. ಓವನ್ನಿನ ಎದುರಿನ ಮೇಜು ಸಿಕ್ಕಿತು. ಹುಡುಗ ಹಿಟ್ಟಿನ ಮೇಲೆ ಬೆರಳೊತ್ತುವುದನ್ನು ಅತ್ತೆಯವರು ಕಣ್ಣು ಕೀಳದೆ ನೋಡುತ್ತಿದ್ದರು. ಆರು ನಿಮಿಷಕ್ಕೆ ತಟ್ಟೆಗೆ ಬಂದ ಝಾತರ್ ರೊಟ್ಟಿಯ ಅಂಚು ಉಬ್ಬಿ ಅಲ್ಲಲ್ಲಿ ಕಂದಿತ್ತು, ನಡುವಿನ ಗುಳಿಗಳಲ್ಲಿ ಹಸಿರು ಎಣ್ಣೆ ಇನ್ನೂ ಸಣ್ಣಗೆ ಕುದಿಯುತ್ತಿತ್ತು. ಮೊದಲ ತುತ್ತಿಗೇ ಅತ್ತೆಯವರು, “ಇದಕ್ಕೆ ಕಾಚಂಪುಳಿ ಹಾಕಿದ್ದಾರೆಯೇ?” ಎಂದು ನಮ್ಮ ಕೊಡಗಿನ ಅಡುಗೆಯ ಹುಳಿರಸವನ್ನು ನೆನೆದು ಕೇಳಿದರು. ಆ ಹುಳಿ ಸುಮಾಕ್ ಎಂಬ ಗಿಡದ ಒಣಗಿಸಿದ ಕೆಂಪು ಹಣ್ಣಿನ ಪುಡಿಯದ್ದು ಎಂದು ಮಾಲೀಕರು ಒಂದು ಚಿಟಿಕೆ ತಂದು ಅವರ ಅಂಗೈಗೆ ಹಾಕಿದರು. ಪ್ರತಿಯಾಗಿ ನಮ್ಮ ಮನೆಯ ಕಾಚಂಪುಳಿಯನ್ನು ಒಂದು ಸಣ್ಣ ಬಾಟಲಿಯಲ್ಲಿ ತಂದುಕೊಡುವುದಾಗಿ ಅತ್ತೆಯವರು ಮಾತು ಕೊಟ್ಟಿದ್ದಾರೆ.

ಚೀಸ್ ನೆನೆಸುವ ಮಾತನ್ನು ಎತ್ತಿದಾಗ ಅವರು ತಕ್ಷಣ ಒಪ್ಪಿಕೊಂಡು, ಅಂದು ನಾಲ್ಕು ಗಂಟೆ ನೆನೆಯಬೇಕಾದದ್ದು ಒಂದೇ ಗಂಟೆ ನೆನೆದಿತ್ತು ಎಂದು ಕ್ಷಮೆ ಕೇಳಿದರು. ಸಾಲಿನ ವಿಷಯವನ್ನು ಸೋಮವಾರಪೇಟೆಯವರು ಹೇಳಿದಂತೆ ನೇರವಾಗಿಯೇ ಹೇಳಿದೆ. ಫೋನಿನ ಆರ್ಡರುಗಳನ್ನು ಒಬ್ಬರು, ಎದುರಿಗಿದ್ದವರದ್ದನ್ನು ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರಂತೆ, ಗೊಂದಲವಾದದ್ದು ಅಲ್ಲಿಯೇ. ಈ ಭಾನುವಾರದಿಂದ ಒಂದೇ ಟೋಕನ್ ಪುಸ್ತಕ ಇಡುತ್ತೇವೆ ಎಂದಿದ್ದಾರೆ. ಕಾಚಂಪುಳಿ ಕೊಡುವ ನೆಪದಲ್ಲಿ ಅಂದೇ ಹೋಗಿ, ಕಂಡದ್ದನ್ನು ಇಲ್ಲಿಯೇ ಬರೆಯುತ್ತೇನೆ.