ನಮ್ಮಿಬ್ಬರ ವಯಸ್ಸು ಸೇರಿಸಿದರೆ 99, ದತ್ತು ಸಿಗುತ್ತಾ?

ಪ್ರಶ್ನೆ (ಹಾಸನದಿಂದ ಒಬ್ಬರು):
ಮೇಡಂ, ನನಗೆ 47, ನಮ್ಮ ಯಜಮಾನರಿಗೆ 52. ಮಕ್ಕಳಿಲ್ಲ. ಚಿಕಿತ್ಸೆ ಎಲ್ಲಾ ಮಾಡಿಸಿ ಬಿಟ್ಟಾಯ್ತು. ಎರಡು-ಮೂರು ವರ್ಷದ ಮಗುವನ್ನು ದತ್ತು ತೆಗೆದುಕೊಳ್ಳೋಣ ಅಂತ ಆಸೆ. ಅತ್ತೆ ಮಾತ್ರ "ಕೋಲು ಊರಿಕೊಂಡು ಸ್ಕೂಲ್ ಮೀಟಿಂಗಿಗೆ ಹೋಗ್ತೀರಾ?" ಅಂತಾರೆ. ಪರಿಚಯದವರೊಬ್ಬರು, ಆ ಕಂಪ್ಯೂಟರ್ ಅರ್ಜಿ ಎಲ್ಲಾ ಬೇಡ, ನರ್ಸಿಂಗ್ ಹೋಮಿನಿಂದಲೇ ಮಗು ಕೊಡಿಸ್ತೀನಿ ಅಂತಿದ್ದಾರೆ. ಏನು ಮಾಡಲಿ? ಯಜಮಾನರಿಗೆ ಶುಗರ್ ಬೇರೆ ಇದೆ.

ಉತ್ತರ (ದತ್ತು ಕೇಂದ್ರದ ಸಮಾಜ ಕಾರ್ಯಕರ್ತೆ):
ಮೊದಲು ಆ ಪರಿಚಯದವರ ವಿಷಯ ಮುಗಿಸಿಬಿಡೋಣ. ಬೇಡವೇ ಬೇಡ. ಹಾಗೆ ಮಗು ಕೊಡುವುದೂ ಅಪರಾಧ, ತಗೊಳ್ಳುವುದೂ ಅಪರಾಧ. ದುಡ್ಡು ಕೈ ಬದಲಾಯಿಸಿದರೆ ಅದು ಮಗು ಮಾರಾಟ, ಐದು ವರ್ಷದವರೆಗೆ ಜೈಲು. ಎಷ್ಟೋ ದಿನ ಆದಮೇಲೆ ಯಾರೋ ದೂರು ಕೊಟ್ಟು, ಮಗು ನಿಮ್ಮ ಮಡಿಲಿನಿಂದ ಹೋಗುವ ಸಂಕಟ ಬೇಡ.

ಈಗ ವಯಸ್ಸು. 2022ರ ದತ್ತು ನಿಯಮದಲ್ಲಿ ಗಂಡ-ಹೆಂಡತಿ ಇಬ್ಬರ ವಯಸ್ಸನ್ನೂ ಕೂಡಿಸಿ ನೋಡುತ್ತಾರೆ. ಎರಡು ವರ್ಷದೊಳಗಿನ ಮಗುವಿಗೆ ಒಟ್ಟು 85 ದಾಟಿರಬಾರದು. ಎರಡರಿಂದ ನಾಲ್ಕಕ್ಕೆ 90. ನಾಲ್ಕರಿಂದ ಎಂಟಕ್ಕೆ 100. ಎಂಟರ ಮೇಲಿನ ಮಕ್ಕಳಿಗೆ 110. ನಿಮ್ಮದು 99. ಅಂದರೆ ಎರಡು-ಮೂರು ವರ್ಷದ ಮಗು ಸಿಗಲ್ಲ. ಆದರೆ ಐದು, ಆರು, ಏಳು ವರ್ಷದ ಮಗುವಿಗೆ ನೀವು ಅರ್ಹರು. ಲೆಕ್ಕಕ್ಕೆ ಬರುವುದು ನೋಂದಣಿ ದಿನದ ವಯಸ್ಸು. ನಿಮ್ಮಲ್ಲಿ ಒಬ್ಬರ ಹುಟ್ಟುಹಬ್ಬ ಬಂದರೆ 100, ಇನ್ನೊಬ್ಬರದೂ ಆದರೆ 101. ಅಷ್ಟರೊಳಗೆ ಕಾರಾ (ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ) ಪೋರ್ಟಲ್‌ನಲ್ಲಿ ಹೆಸರು ಹಾಕಿ. ಆಷಾಢ ಕಳೀಲಿ, ಹಬ್ಬ ಮುಗೀಲಿ ಅಂತ ಮುಂದೂಡಬೇಡಿ.

ಶುಗರ್ ಬಗ್ಗೆ: ಜೀವಕ್ಕೆ ಅಪಾಯ ಇರುವಂಥ ಕಾಯಿಲೆ ಇರಬಾರದು ಅನ್ನುತ್ತದೆ ನಿಯಮ. ಮಾತ್ರೆಯಲ್ಲಿ ಹತೋಟಿಯಲ್ಲಿರುವ ಶುಗರ್ ಸಾಮಾನ್ಯವಾಗಿ ಅಡ್ಡಿಯಾಗಲ್ಲ. ಡಾಕ್ಟರ್ ಸರ್ಟಿಫಿಕೇಟ್ ಬೇಕು. ಮುಚ್ಚಿಡಬೇಡಿ ಅಷ್ಟೇ. ಫ್ರಿಜ್ಜಿನಲ್ಲಿ ಇನ್ಸುಲಿನ್ ಇಟ್ಟುಕೊಂಡು "ಏನೂ ಇಲ್ಲ" ಅಂದರೆ ನಮಗೆ ಅನುಮಾನ ಬರುವುದು ಶುಗರ್ ಮೇಲಲ್ಲ, ನಿಮ್ಮ ಮಾತಿನ ಮೇಲೆ.

ಪ್ರಶ್ನೆ (ಅವರೇ):
ಏಳು ವರ್ಷದ ಮಗು ನಮಗೆ ಹೊಂದಿಕೊಳ್ಳುತ್ತಾ ಮೇಡಂ? ಮನೆ ನೋಡಲು ಬಂದಾಗ ಏನು ಕೇಳ್ತೀರಿ? ನಮ್ಮದು ಎರಡು ರೂಮಿನ ಮನೆ.

ಉತ್ತರ:
ಎರಡು ರೂಮು ಸಾಕು. ನಿಮ್ಮ ವಯಸ್ಸಿನವರಿಗೆ ನಾನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ನಿಮಗೆ 62, 67 ಆದಾಗ ಮಗುವಿಗೆ 20ರ ಹತ್ತಿರ. ಆಗ ಫೀಸು ಯಾವ ದುಡ್ಡಿನಲ್ಲಿ? ನಿಮಗೇನಾದರೂ ಆದರೆ ಮಗು ಯಾರ ಹತ್ತಿರ? "ದೇವರಿದ್ದಾನೆ" ಅನ್ನುವವರೇ ಜಾಸ್ತಿ. ತಂಗಿಯೋ, ಮೈದುನನೋ, ಒಬ್ಬರ ಹೆಸರು ಹೇಳಿ. ಅವರ ಜೊತೆ ಮೊದಲೇ ಮಾತಾಡಿರಿ. ನಾನು ಅವರನ್ನೂ ಮಾತಾಡಿಸುತ್ತೇನೆ. ಅತ್ತೆಯವರ ಜೊತೆಗೂ ಕೂರುತ್ತೇನೆ. ಅವರು ಕೇಳುತ್ತಿರುವುದು ಒಳ್ಳೇ ಪ್ರಶ್ನೆಯೇ, ಅಲ್ವಾ?

ಹೊಂದಿಕೊಳ್ಳುವುದರ ಬಗ್ಗೆ ಬಿಡಿಸಿ ಹೇಳಬೇಕು. ದೊಡ್ಡ ಮಗು ಬರುವುದೇ ತನ್ನ ನೆನಪುಗಳ ಜೊತೆ. ನಾನು ಹೋಗಿದ್ದ ಒಂದು ಮನೆಯಲ್ಲಿ ಹುಡುಗಿ ದಿಂಬಿನ ಕವರಿನೊಳಗೆ ಚಪಾತಿ ಮುಚ್ಚಿಡುತ್ತಿದ್ದಳು. ಇರುವೆ ಹತ್ತಿದಾಗಲೇ ಗೊತ್ತಾಗಿದ್ದು. ಆ ತಾಯಿ ಬೈಯಲಿಲ್ಲ. ಮಂಚದ ಪಕ್ಕ ಒಂದು ಡಬ್ಬಿ ಇಟ್ಟು, "ಇದು ನಿನ್ನದೇ, ಖಾಲಿಯಾದರೆ ಹೇಳು" ಅಂದರು. ಕೆಲವು ತಿಂಗಳಾದ ಮೇಲೆ ಆ ಡಬ್ಬಿಯಲ್ಲಿ ಪೆನ್ಸಿಲ್ ಚೂರುಗಳು ಬಂದವು. ಮೊದಲ ವಾರ ತುಂಬಾ ಶಿಸ್ತು, ಆಮೇಲೆ ಹಠ, "ನಾನು ವಾಪಸ್ ಹೋಗ್ತೀನಿ" ಅನ್ನುವುದು, ಇದೆಲ್ಲಾ ಇದ್ದದ್ದೇ. ನೀವು ಕಳಿಸಿಬಿಡ್ತೀರಾ ಅಂತ ಮಗು ಪರೀಕ್ಷೆ ಮಾಡುತ್ತಿರುತ್ತದೆ. ಮೊದಲ ದಿನವೇ "ಅಮ್ಮ ಅನ್ನು" ಅಂತ ಒತ್ತಾಯ ಮಾಡಬೇಡಿ. ಆಂಟಿ ಅಂದರೂ ಓ ಅನ್ನಿ.

ಅರ್ಜಿಯಲ್ಲಿ ಯಾವ ರಾಜ್ಯದ ಮಗು ಅಂತ ಆರಿಸುವಾಗ ಭಾಷೆ ನೆನಪಿರಲಿ. ಬೇರೆ ರಾಜ್ಯದ ಏಳು ವರ್ಷದ ಮಗುವಿಗೆ ಸಾಮಾನ್ಯವಾಗಿ ಕನ್ನಡ ಬರಲ್ಲ, ಆ ಮಗುವಿನ ಭಾಷೆ ನಿಮ್ಮ ಮನೆಯಲ್ಲಿ ಬರುತ್ತಾ ನೋಡಿಕೊಳ್ಳಿ. ಮಗುವಿನ ವಿವರ ಪೋರ್ಟಲ್‌ನಲ್ಲಿ ಬಂದಮೇಲೆ ಕಾಯ್ದಿರಿಸಲು 48 ಗಂಟೆ ಮಾತ್ರ, ಹಾಗಾಗಿ ಮಾತುಕತೆ ಈಗಲೇ ಮುಗಿದಿರಲಿ. ಆಮೇಲೆ ಕೇಂದ್ರಕ್ಕೆ ಬಂದು ಮಗುವನ್ನು ನೋಡುತ್ತೀರಿ. ಮಗುವಿನ ಇಷ್ಟವನ್ನೂ ಕೇಳುತ್ತೇವೆ. ದತ್ತು ಆದೇಶಕ್ಕೆ ಈಗ ಕೋರ್ಟಿಗೆ ಅಲೆಯಬೇಕಿಲ್ಲ, 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿಯೇ ಕೊಡುತ್ತಾರೆ. ನಂತರ ಎರಡು ವರ್ಷ, ಆರು ತಿಂಗಳಿಗೊಮ್ಮೆ ನಾವು ಬಂದು ಹೋಗುತ್ತೇವೆ.

ಪ್ರಶ್ನೆ (ಬಳ್ಳಾರಿಯಿಂದ ಇನ್ನೊಬ್ಬರು):
ಮೇಡಂ, ನನಗೆ 58, ಹೆಂಡತಿಗೆ 55. ತೀರಿಹೋದ ತಮ್ಮನ ಮಗ ಮೂರು ವರ್ಷದಿಂದ ನಮ್ಮ ಹತ್ತಿರವೇ ಇದ್ದಾನೆ. ಅವನ ತಾಯಿಗೂ ಒಪ್ಪಿಗೆ ಇದೆ. ನಮ್ಮದು 113 ಆಯ್ತಲ್ಲ?

ಉತ್ತರ:
ನಿಮಗೆ ಆ ಲೆಕ್ಕ ಬರುವುದಿಲ್ಲ ಸರ್. ದೊಡ್ಡಪ್ಪ, ಚಿಕ್ಕಪ್ಪ, ಮಾವ, ಅತ್ತೆ, ಅಜ್ಜ-ಅಜ್ಜಿ ಹೀಗೆ ಹತ್ತಿರದ ಸಂಬಂಧಿಕರ ದತ್ತುವಿಗೆ ಒಟ್ಟು ವಯಸ್ಸಿನ ಮಿತಿ ಇಲ್ಲ. ತಾಯಿಯ ಒಪ್ಪಿಗೆ ಬರಹದಲ್ಲಿ ಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ಸಂಬಂಧಿಕರ ದತ್ತು ಅಂತ ಹೇಳಿ. ಹುಡುಗನ ಜನನ ಪತ್ರ, ತಮ್ಮನ ಮರಣ ಪತ್ರ ಎರಡರಲ್ಲೂ ಹೆಸರಿನ ಅಕ್ಷರ ಒಂದೇ ಥರ ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ. ಇಂಥ ಫೈಲುಗಳು ಜಾಸ್ತಿ ನಿಲ್ಲುವುದು ಅಲ್ಲೇ.