ಅಮ್ಮನ ಅಡುಗೆಮನೆಯ ದರಪಟ್ಟಿ

‘ರಾಜಾಜಿನಗರ ಮನೆ’ ಗುಂಪು, ಮಂಗಳವಾರ

ಅಣ್ಣ, ರಾತ್ರಿ 8.12
(ಚಿತ್ರ) ಅಡುಗೆಮನೆಯ ಕೊಟೇಷನ್ ಬಂದಿದೆ, ಎಲ್ಲರೂ ನೋಡಿ. ಒಡೆಯುವುದರಿಂದ ಹಿಡಿದು ಬಣ್ಣದವರೆಗೆ ಎಲ್ಲ ಸೇರಿ 4,80,000 ರೂಪಾಯಿ. ಗುರುವಾರದೊಳಗೆ ಒಪ್ಪಿದರೆ 20,000 ಬಿಡುತ್ತಾರೆ. ಮುಂಗಡ 60%, ಅಂದರೆ 2,76,000. ನಾಳೆಯೇ ಕಳುಹಿಸುತ್ತೇನೆ.

ಅತ್ತಿಗೆ, 8.14
ಚಿತ್ರದಲ್ಲಿರುವಂತೆ ಕಟ್ಟೆಗೆ ಬಿಳಿ ಕ್ವಾರ್ಟ್ಜ್ ಹಾಕಿಸಿದರೆ ಮನೆಗೇ ಬೆಳಕು ಬರುತ್ತದೆ. ಈಗಿನ ಅಡುಗೆಮನೆಯಲ್ಲಿ ಮಧ್ಯಾಹ್ನವೂ ದೀಪ ಹಾಕಬೇಕು.

ಭಾವ, 8.15
ಒಳ್ಳೆಯ ದರ. ಒಟ್ಟು ಗುತ್ತಿಗೆಯಾದರೆ ತಲೆನೋವಿಲ್ಲ. ಮುಂದುವರಿಯಿರಿ.

ನಾನು, 8.31
ಅಣ್ಣ, ದಯವಿಟ್ಟು ನಾಳೆ ಹಣ ಕಳುಹಿಸಬೇಡ. ಇದು ದರಪಟ್ಟಿಯಲ್ಲ, ಮೊತ್ತ ಬರೆದ ಹಾಳೆ. ‘ಉತ್ತಮ ದರ್ಜೆಯ ಪ್ಲೈವುಡ್’ ಎಂದಿದೆ. ಯಾವ ದರ್ಜೆ? ‘ಕಲ್ಲಿನ ಕಟ್ಟೆ’ ಎಂದಿದೆ. ಯಾವ ಕಲ್ಲು, ಎಷ್ಟು ಚದರ ಅಡಿ? ‘ಅಗತ್ಯವಿರುವ ವಿದ್ಯುತ್ ಕೆಲಸ’ ಎಂದಿದೆ. ಅಗತ್ಯವೋ ಅಲ್ಲವೋ ಎಂದು ನಿರ್ಧರಿಸುವವರು ಯಾರು? ಕೊನೆಯ ಸಾಲನ್ನು ದೊಡ್ಡದು ಮಾಡಿ ನೋಡು, ‘ಜಿಎಸ್‌ಟಿ ಪ್ರತ್ಯೇಕ’ ಎಂದಿದೆ. 4,60,000ಕ್ಕೆ 18% ಸೇರಿಸಿದರೆ 82,800. ಅಲ್ಲಿಗೆ ನಿನ್ನ ಖರ್ಚು 5,42,800. ಇಪ್ಪತ್ತು ಸಾವಿರದ ರಿಯಾಯಿತಿ ಎಲ್ಲಿ ಉಳಿಯಿತು?

ಭಾವ, 8.36
ತೆರಿಗೆಯದ್ದೇ ಚಿಂತೆಯಾದರೆ ಬಿಲ್ ಬೇಡ ಎಂದು ಹೇಳಿ. ಎಲ್ಲರೂ ಹಾಗೆಯೇ ಮಾಡಿಸುತ್ತಾರೆ.

ನಾನು, 8.44
ಭಾವ, ಇದನ್ನು ನಾನು ಒಪ್ಪುವುದಿಲ್ಲ. ನನ್ನ ಫ್ಲ್ಯಾಟಿನ ಅಡುಗೆಮನೆಗೂ ಬಿಲ್ ಇಲ್ಲದೆ ಕೆಲಸ ಮಾಡಿಸಿದ್ದೆ. ಎಂಟನೆಯ ತಿಂಗಳಿಗೆ ಸಿಂಕ್ ಕೆಳಗಿನ ಪೆಟ್ಟಿಗೆಯ ತಳ ಉಬ್ಬಿ ಬಾಗಿಲು ಮುಚ್ಚದಾಯಿತು. ಕೇಳಲು ಹೋದರೆ, ಆ ಮರವನ್ನು ತಾನೇ ಹಾಕಿದ್ದು ಎಂಬುದಕ್ಕೆ ಆಧಾರವೇನು ಎಂದು ಅವರು ಕೇಳಿದರು. ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕಾದರೂ ಕೈಯಲ್ಲಿ ಬಿಲ್ಲಿನಂಥ ಆಧಾರ ಇರಬೇಕಲ್ಲ? ಇನ್ನೊಂದು ವಿಷಯ. ಈ ಹಾಳೆಯಲ್ಲಿ ಜಿಎಸ್‌ಟಿ ಪ್ರತ್ಯೇಕ ಎಂದಿದೆಯೇ ಹೊರತು ಜಿಎಸ್‌ಟಿ ಸಂಖ್ಯೆ ಎಲ್ಲಿಯೂ ಇಲ್ಲ. ಕರ್ನಾಟಕದ ಸಂಖ್ಯೆಯಾದರೆ 29ರಿಂದ ಆರಂಭವಾಗುವ 15 ಅಕ್ಷರಗಳಿರುತ್ತವೆ, ಜಿಎಸ್‌ಟಿ ಜಾಲತಾಣದಲ್ಲಿ ಹಾಕಿದರೆ ಅದು ಯಾರದೆಂದು ಕಾಣುತ್ತದೆ. ನೋಂದಣಿಯೇ ಇಲ್ಲದವರು ನಮ್ಮಿಂದ ಆ ತೆರಿಗೆ ಕೇಳುವಂತಿಲ್ಲ.

ಅಣ್ಣ, 8.47
ನೀನು ಎಲ್ಲದರಲ್ಲಿಯೂ ಅನುಮಾನ ಪಡುತ್ತೀಯ. ಇವರು ನಮ್ಮ ಎದುರು ಮನೆಯ ಕೆಲಸ ಮಾಡಿದವರು. ಹೋಗಿ ನೋಡಿ ಬಂದಿದ್ದೇನೆ, ತುಂಬಾ ಚೆನ್ನಾಗಿದೆ.

ನಾನು, 8.49
ಯಾವಾಗ ಮುಗಿದದ್ದು?

ಅಣ್ಣ, 8.49
ಎರಡು ತಿಂಗಳಾಗಿದೆ.

ನಾನು, 8.52
ಎರಡು ತಿಂಗಳಿಗೆ ನನ್ನದೂ ಚೆನ್ನಾಗಿಯೇ ಇತ್ತು ಅಣ್ಣ. ಅವರು ಮೂರು ವರ್ಷದ ಹಿಂದೆ ಮಾಡಿದ ಮನೆಯೊಂದರ ವಿಳಾಸ ಕೇಳು. ಅಲ್ಲಿ ಬಾಗಿಲುಗಳನ್ನು ನೋಡಬೇಡ, ಸಿಂಕ್ ಕೆಳಗೆ ಕೈಯಿಟ್ಟು ನೋಡು.

ಚಿಕ್ಕಪ್ಪ, 9.05
ಈಗ ತಾನೇ ಊಟ ಮುಗಿಸಿ ಓದಿದೆ. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತು ವರ್ಷ ಅಳತೆ ಪುಸ್ತಕ ಬರೆದವನು ನಾನು. ಪುಸ್ತಕದಲ್ಲಿ ಉದ್ದ, ಅಗಲ, ಎತ್ತರ ಬರೆಯದ ಕೆಲಸಕ್ಕೆ ನಾವು ಒಂದು ರೂಪಾಯಿ ಪಾಸು ಮಾಡುತ್ತಿರಲಿಲ್ಲ. ಸ್ವಂತ ಮನೆಗೆ ಅಷ್ಟೂ ಬೇಡವೇ? ಗುತ್ತಿಗೆದಾರರಿಗೆ ಈಗಲೇ ಫೋನ್ ಮಾಡಿ, ಮರದ ಕೆಲಸಕ್ಕೆ ಎಷ್ಟು ಚದರ ಅಡಿ ಹಿಡಿದಿದ್ದಾರೆ, ದರವೇನು ಎಂದು ಕೇಳು. ಬೇರೇನನ್ನೂ ಕೇಳಬೇಡ.

ಭಾವ, 9.11
ಚಿಕ್ಕಪ್ಪ, ನನ್ನ ಅನುಭವವನ್ನೂ ಕೇಳಿ. ನಮ್ಮ ಸ್ನಾನದ ಮನೆಯ ಕೆಲಸವನ್ನು ಹೀಗೆಯೇ ಬಾಬ್ತುವಾರು ದರಕ್ಕೆ ಕೊಟ್ಟಿದ್ದೆ. ದಿನಕ್ಕೊಂದು ‘ಹೆಚ್ಚುವರಿ’ ಬಂತು. ಗೋಡೆ ಸೊಟ್ಟ ಇದೆ, ಹೆಚ್ಚುವರಿ. ಪೈಪ್ ಬಾಗಿಸಬೇಕು, ಹೆಚ್ಚುವರಿ. ಕೊನೆಗೆ ಅಂದುಕೊಂಡಿದ್ದಕ್ಕಿಂತ ಒಂದೂವರೆ ಪಟ್ಟು ಕೊಟ್ಟೆ. ಅದಕ್ಕೇ ಒಟ್ಟು ಗುತ್ತಿಗೆ ವಾಸಿ ಎನ್ನುತ್ತಿದ್ದೇನೆ. ಅಮ್ಮನಿಗೆ ಆ ಕಿರಿಕಿರಿ ಆಗಬಾರದು.

ನಾನು, 9.14
ಇದು ನ್ಯಾಯವಾದ ಮಾತು ಭಾವ. ಮೊತ್ತ ನಿಗದಿಯಾಗಿರುವುದರ ಬಗ್ಗೆ ನನ್ನ ತಕರಾರಿಲ್ಲ. ಆ ಮೊತ್ತಕ್ಕೆ ಏನು ಬರುತ್ತದೆ ಎಂಬುದೂ ನಿಗದಿಯಾಗಲಿ ಎನ್ನುತ್ತಿದ್ದೇನೆ.

ಚಿಕ್ಕಪ್ಪ, 9.16
ಎರಡನ್ನೂ ಸೇರಿಸಬಹುದು. ಒಟ್ಟು ಮೊತ್ತ, ಅದರ ಜೊತೆಗೆ ಅಳತೆ ಮತ್ತು ಸಾಮಗ್ರಿಯ ಪಟ್ಟಿ. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಕೆಲಸಕ್ಕೆ ಮೊದಲು ದರ ಬರೆದು ಕಳುಹಿಸಬೇಕು, ನಾವು ಒಪ್ಪಿಗೆ ಎಂದು ಬರೆದ ಮೇಲೆಯೇ ಉಳಿ ಎತ್ತಬೇಕು. ಬಾಯಿಮಾತಿನ ಹೆಚ್ಚುವರಿಗೆ ಹಣವಿಲ್ಲ.

ಅಣ್ಣ, 9.38
ಫೋನ್ ಮಾಡಿದೆ. 117 ಚದರ ಅಡಿ, ಅಡಿಗೆ 1,800 ರೂಪಾಯಿ ಎಂದರು. ಅಲ್ಲಿಗೆ 2,10,600.

ಚಿಕ್ಕಪ್ಪ, 9.40
ಟೇಪ್ ತೆಗೆದುಕೊಂಡು ಅಡುಗೆಮನೆಗೆ ಹೋಗು. ಕಟ್ಟೆಯ ಎರಡು ಗೋಡೆಗಳ ಉದ್ದ ಹೇಳು, ಕಿಟಕಿ ಎಲ್ಲಿದೆ ಎಂದೂ ಹೇಳು.

ಅಣ್ಣ, 9.46
ಒಂದು ಗೋಡೆ 10 ಅಡಿ, ಇನ್ನೊಂದು 8. ಕಿಟಕಿ 8 ಅಡಿಯ ಗೋಡೆಯಲ್ಲಿದೆ.

ಚಿಕ್ಕಪ್ಪ, 9.58
ಹಾಗಾದರೆ ಲೆಕ್ಕ ಸಿಕ್ಕಿತು. ಅವರು 10 ಮತ್ತು 8 ಕೂಡಿಸಿ 18 ಅಡಿ ಮಾಡಿದ್ದಾರೆ. ಕಟ್ಟೆಯ ಕೆಳಗೆ ಎರಡೂವರೆ ಅಡಿ ಎತ್ತರ, 45. ಮೇಲಿನ ಕಪಾಟು ಎರಡಡಿ, 36. ಅಟ್ಟದ ಬಾಗಿಲು ಎರಡಡಿ, 36. ಕೂಡಿದರೆ 117. ಆದರೆ ಮೂಲೆಯಲ್ಲಿ ಎರಡು ಕಟ್ಟೆಗಳು ಸೇರುವ ಎರಡಡಿಯನ್ನು ಎರಡು ಸಲ ಎಣಿಸಿದ್ದಾರೆ. ಕಿಟಕಿಯಿರುವ ಗೋಡೆಗೆ ಮೇಲಿನ ಕಪಾಟು ಎಲ್ಲಿಂದ ಬರುತ್ತದೆ? ಆ ಗೋಡೆಗೆ ಅಟ್ಟವೂ ಇಲ್ಲ, ಆ ಮನೆ ಕಟ್ಟುವಾಗ ನಾನೇ ನಿಂತು ಹಾಕಿಸಿದ ಅಟ್ಟ ಅದು. ನಿಜವಾದ ಅಳತೆ ಇದು: ಕೆಳಗೆ 16 ಅಡಿಗೆ 40, ಮೇಲೆ 10 ಅಡಿಗೆ 20, ಅಟ್ಟಕ್ಕೆ 20. ಒಟ್ಟು 80 ಚದರ ಅಡಿ, 1,44,000 ರೂಪಾಯಿ.

ನಾನು, 9.59
ವ್ಯತ್ಯಾಸ 66,600.

ಅಣ್ಣ, 10.07
ಅವರು ಬೇಕೆಂದೇ ಮಾಡಿರಲಿಕ್ಕಿಲ್ಲ. ಆದರೂ ನಾಳೆ ಹಣ ಕಳುಹಿಸುವುದಿಲ್ಲ.

ಅತ್ತಿಗೆ, 10.10
ಬಿಳಿ ಕ್ವಾರ್ಟ್ಜ್ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ನಾನು, 10.18
ಅತ್ತಿಗೆ, ಬೆಳಕು ಬೇಕೆಂಬುದು ಸರಿ. ಆದರೆ ಕ್ವಾರ್ಟ್ಜ್ ಹಲಗೆಯಲ್ಲಿ ಕಲ್ಲಿನ ಪುಡಿಯನ್ನು ರಾಳದಿಂದ ಬಂಧಿಸಿರುತ್ತಾರೆ. ಒಲೆಯಿಂದ ಇಳಿಸಿದ ಕುಕ್ಕರನ್ನು ನೇರವಾಗಿ ಇಟ್ಟರೆ ಆ ರಾಳ ಸುಟ್ಟು ಕಲೆ ಉಳಿಯಬಹುದು. ನಮ್ಮ ಮನೆಯಲ್ಲಿ ಹುಳಿ, ಅರಿಶಿನ, ಒಗ್ಗರಣೆಯ ಸೌಟು ಎಲ್ಲ ಬೀಳುವುದು ಕಟ್ಟೆಯ ಮೇಲೆಯೇ. ಗ್ರಾನೈಟ್ ಇದೆಲ್ಲವನ್ನೂ ತಡೆಯುತ್ತದೆ. ಎರಡಡಿ ಅಗಲ, 16 ಅಡಿ ಉದ್ದ, ಬೇಕಾಗಿರುವುದು 32 ಚದರ ಅಡಿ. ಕಲ್ಲಿನ ಅಂಗಡಿಗಳಿರುವ ಜಿಗಣಿಗೆ ಒಂದು ಶನಿವಾರ ಇಬ್ಬರೂ ಹೋಗಿ ಹಲಗೆಯನ್ನು ನಾವೇ ಆರಿಸೋಣ, ಚಾಮರಾಜನಗರದ ಕಪ್ಪು ಗ್ರಾನೈಟನ್ನೂ ನೋಡೋಣ. ಬೆಳಕಿಗೆ ಗೋಡೆಯ ಟೈಲ್ಸ್ ಬಿಳಿ ಇರಲಿ, ಮೇಲಿನ ಕಪಾಟಿನ ಕೆಳಗೆ ಎಲ್‌ಇಡಿ ಪಟ್ಟಿ ಹಾಕಿಸೋಣ. ಈಗ ದೀಪ ನಮ್ಮ ಬೆನ್ನ ಹಿಂದಿದೆ, ಹೆಚ್ಚುವ ತರಕಾರಿಯ ಮೇಲೆ ನಮ್ಮದೇ ನೆರಳು ಬೀಳುತ್ತದೆ.

ಅತ್ತಿಗೆ, 10.21
ನೆರಳಿನ ಮಾತು ನಿಜ. ಜಿಗಣಿಗೆ ಹೋಗೋಣ, ನೋಡಿದ ಮೇಲೆ ಹೇಳುತ್ತೇನೆ. ಇನ್ನೂ ಒಪ್ಪಿಲ್ಲ.

ಬುಧವಾರ

ಅತ್ತೆ, ಬೆಳಿಗ್ಗೆ 6.20
ರಾತ್ರಿ ಎಲ್ಲವನ್ನೂ ಓದಿದೆ. ಯಾರಿಗೂ ನೆನಪಿಲ್ಲವೇ, ಆಷಾಢ ಬರುತ್ತಿದೆ. ಆಷಾಢದಲ್ಲಿ ಒಲೆ ಕೀಳುವುದು ಬೇಡ. ವರಮಹಾಲಕ್ಷ್ಮಿಗೆ ಕಳಶ ಕೂರಿಸುವಾಗ ಮನೆಯಲ್ಲಿ ಸಿಮೆಂಟಿನ ಧೂಳೂ ಇರಬಾರದು.

ನಾನು, 7.02
ಅತ್ತೆ, ಹಾಗಾದರೆ ಹಬ್ಬ ಮುಗಿದ ಮೇಲೆಯೇ ಆರಂಭಿಸೋಣ. ಆಷಾಢದ ನಾಲ್ಕು ವಾರ ಅಳತೆಗೆ, ಕಲ್ಲು ನೋಡುವುದಕ್ಕೆ, ಇನ್ನೆರಡು ಕಡೆ ದರ ಕೇಳುವುದಕ್ಕೆ ಸಿಗುತ್ತದೆ. ಮಳೆಯಲ್ಲಿ ಗೋಡೆಗೆ ಬಳಿದ ಪುಟ್ಟಿ ಒಣಗುವುದೂ ತಡ. ಗುರುವಾರವೇ ಕೊಡಬೇಕೆಂಬ ಆತುರ ನಮ್ಮದಲ್ಲ, ಅವರದು.

ಚಿಕ್ಕಪ್ಪ, 7.30
ಹಣ ಎಲ್ಲಿ ಹಾಕಬೇಕು ಎಂಬುದನ್ನು ಹೇಳುತ್ತೇನೆ, ಮನಸ್ಸಿಟ್ಟು ಓದಿ. ಆ ಮನೆ 1986ರದ್ದು. ಗೋಡೆಯೊಳಗಿನ ನೀರಿನ ಪೈಪ್ ಆಗಿನ ಕಬ್ಬಿಣದ್ದು, ಒಳಗೆ ತುಕ್ಕು ಕಟ್ಟಿ ಅರ್ಧ ಮುಚ್ಚಿರುತ್ತದೆ. ಕಾವೇರಿ ನೀರು ಬರುವ ದಿನವೂ ನಲ್ಲಿಯಲ್ಲಿ ಸಣ್ಣ ಧಾರೆ ಏಕೆ ಎಂದು ಅತ್ತಿಗೆಯವರು, ಅಂದರೆ ನಿಮ್ಮ ಅಮ್ಮ, ಎಷ್ಟೋ ಸಲ ಕೇಳಿದ್ದಾರೆ. ಅದನ್ನು ಬಿಟ್ಟು ಮೇಲೆ ಹೊಸ ಟೈಲ್ಸ್ ಅಂಟಿಸಿದರೆ, ಸೋರಿದ ದಿನ ಟೈಲ್ಸ್ ಒಡೆಯಬೇಕು. ತುಕ್ಕು ಹಿಡಿಯದ ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಎಳೆಸಿ, ಗೋಡೆ ಮುಚ್ಚುವ ಮೊದಲು ಒಂದು ರಾತ್ರಿ ಒತ್ತಡದಲ್ಲಿ ನೀರು ನಿಲ್ಲಿಸಿ ನೋಡಬೇಕು.

ವಿದ್ಯುತ್ತೂ ಹಾಗೆಯೇ. 2,000 ವಾಟ್‌ನ ಇಂಡಕ್ಷನ್ ಒಲೆಯೊಂದೇ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಈಗ ಅದನ್ನು 6 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸುತ್ತಿದ್ದೀರಿ, ಹೋದ ಸಲ ಬಂದಾಗ ಆ ಪ್ಲಗ್ ಕಂದು ಬಣ್ಣಕ್ಕೆ ತಿರುಗಿದ್ದನ್ನು ನಾನೇ ನೋಡಿದೆ. ಇಂಡಕ್ಷನ್‌ಗೂ ಓವನ್‌ಗೂ ಪ್ರತ್ಯೇಕ 4 ಚದರ ಮಿಲಿಮೀಟರ್ ತಾಮ್ರದ ತಂತಿ, 16 ಆಂಪಿಯರ್ ಸಾಕೆಟ್, ವಿದ್ಯುತ್ ಪೆಟ್ಟಿಗೆಯಲ್ಲಿ ಕರೆಂಟ್ ಸೋರಿದರೆ ತಾನಾಗಿಯೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಬೇಕು. ಇವನ್ನು ನೋಡಿ ಯಾವ ನೆಂಟರೂ ಹೊಗಳುವುದಿಲ್ಲ. ಆದರೂ ಮೊದಲು ಇವಕ್ಕೆ ಹಣ ಇಡಿ, ಉಳಿದದ್ದರಲ್ಲಿ ಬಾಗಿಲುಗಳ ಬಣ್ಣ ಆರಿಸಿ.

ಅಣ್ಣ, 7.41
ಪ್ಲಗ್ ಇವತ್ತೇ ಬದಲಾಯಿಸಿ, ಇಂಡಕ್ಷನ್ ಬಳಸುವುದನ್ನು ನಿಲ್ಲಿಸುತ್ತೇವೆ.

ನಾನು, 7.55
ಪ್ಲೈವುಡ್‌ಗೆ ‘ಉತ್ತಮ ದರ್ಜೆ’ ಬದಲು ‘ಐಎಸ್ 710’ ಎಂದು ಬರೆಯಿಸು. ಅದು ಕುದಿಯುವ ನೀರನ್ನೂ ತಡೆಯುವ ಮರೈನ್ ದರ್ಜೆ, ಪರೀಕ್ಷೆಯಲ್ಲಿ 72 ಗಂಟೆ ಕುದಿಸಿದರೂ ಪದರ ಬಿಡಬಾರದು. ಪ್ರತಿ ಹಾಳೆಯ ಮೇಲೆ ಐಎಸ್‌ಐ ಮುದ್ರೆಯೂ ಪರವಾನಗಿ ಸಂಖ್ಯೆಯೂ ಇರುತ್ತದೆ, ಕತ್ತರಿಸುವ ಮೊದಲು ಫೋಟೊ ತೆಗೆಯಬೇಕು. ನನ್ನ ಮನೆಯಲ್ಲಿ ನಾನು ಫೋಟೊ ತೆಗೆಯಲು ಹೋಗುವ ಹೊತ್ತಿಗೆ ಎಲ್ಲಕ್ಕೂ ಲ್ಯಾಮಿನೇಟ್ ಅಂಟಿಸಿಯಾಗಿತ್ತು.

ಅಮ್ಮ, 8.26
ನಾನೂ ಬರೆಯಲೇ? ಸಿಂಕ್ ಕೆಳಗಿನ ಕಡಪ ಕಲ್ಲನ್ನು ಯಾರೂ ಒಡೆಯಬೇಡಿ. ನಿಮ್ಮ ಅಪ್ಪ ನಿಲ್ಲಿಸಿದ್ದು ಎಂದು ಹೇಳುತ್ತಿಲ್ಲ. ಅಷ್ಟು ವರ್ಷ ಅಲ್ಲಿ ನೀರು ಬಿದ್ದಿದೆ, ಕಲ್ಲಿಗೆ ಏನೂ ಆಗಿಲ್ಲ, ಗೆದ್ದಲೂ ಹತ್ತಿಲ್ಲ. ಮರದ ಪೆಟ್ಟಿಗೆ ಮಾಡಿ ಅದು ಉಬ್ಬದಿರಲಿ ಎಂದು ಇಷ್ಟೆಲ್ಲ ಬರೆಯುತ್ತಿದ್ದೀರಿ. ಕಲ್ಲು ಇದ್ದಲ್ಲಿ ಪೆಟ್ಟಿಗೆ ಏಕೆ?

ಚಿಕ್ಕಪ್ಪ, 8.29
ಅತ್ತಿಗೆಯವರು ಹೇಳಿದ್ದು ಸರಿ. ಕಲ್ಲಿಗೆ ಚೌಕಟ್ಟು ಕೂರಿಸಿ ಬಾಗಿಲು ಮಾತ್ರ ಹಾಕಿಸಬಹುದು.

ಅಣ್ಣ, 8.35
ಡ್ರಾಯರ್‌ಗಳು ಬೇಕಲ್ಲ ಅಮ್ಮ. ನೀನು ಬಗ್ಗಿ ಬಗ್ಗಿ ಹಿಂದಿನ ಡಬ್ಬ ತೆಗೆಯುವುದನ್ನು ನೋಡಲಾಗುತ್ತಿಲ್ಲ. ಕಲ್ಲಿನ ನಡುವೆ ಡ್ರಾಯರ್ ಸರಿಯಾಗಿ ಓಡುವುದಿಲ್ಲ.

ಅಮ್ಮ, 8.42
ಒಲೆಯ ಕಡೆ ಡ್ರಾಯರ್ ಮಾಡಿಸು, ಸಿಂಕ್ ಕಡೆ ಕಲ್ಲು ಇರಲಿ. ಇನ್ನೊಂದು. ಆ ಚಿತ್ರದಲ್ಲಿ ಕಟ್ಟೆ 36 ಅಂಗುಲ ಎಂದು ಬರೆದಿದ್ದಾರೆ. ಸ್ಟೌ ಬೇರೆ ಅದರ ಮೇಲೆ ಕೂರುತ್ತದೆ. ನಾನು ಇರುವುದು ಐದು ಅಡಿ. ದೊಡ್ಡ ಪಾತ್ರೆಯಲ್ಲಿ ಸಾರು ಕುದಿಯುವಾಗ ಒಳಗೆ ಇಣುಕಲು ನನಗೆ ಮಣೆ ಬೇಕಾಗುತ್ತದೆ.

ಅತ್ತಿಗೆ, 8.50
ನನಗೆ ಈಗಿನ 30 ಅಂಗುಲದಲ್ಲಿ ಪಾತ್ರೆ ತೊಳೆದರೆ ಸೊಂಟ ಹಿಡಿಯುತ್ತದೆ, ಇದನ್ನೂ ಬರೆದುಕೊಳ್ಳಿ. ಒಲೆಯ ಗೋಡೆಯನ್ನು ಅಮ್ಮನ ಅಳತೆಗೆ 30ರಲ್ಲಿಯೇ ಬಿಡಿ, ಸಿಂಕ್ ಗೋಡೆಯನ್ನು 34ಕ್ಕೆ ಏರಿಸಿ. ಸಿಂಕಿನ ತಳ ಕೆಳಗಿರುತ್ತದೆ, ಆದ್ದರಿಂದ ಅಲ್ಲಿ ಎತ್ತರವೇ ಅನುಕೂಲ. ಕಡಪ ಕಲ್ಲಿನ ಮೇಲೆ ಎರಡು ಸಾಲು ಇಟ್ಟಿಗೆ ಬರುತ್ತದೋ ಏನೋ, ಅದನ್ನು ಚಿಕ್ಕಪ್ಪ ಹೇಳಲಿ.

ಚಿಕ್ಕಪ್ಪ, 8.53
ಒಂದೇ ಸಾಲು ಸಾಕು. ಮಾಡಬಹುದು.

ಭಾವ, 9.20
ಬಿಲ್ ವಿಷಯದಲ್ಲಿ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಹಣ ಕೊಡುವ ಕ್ರಮವನ್ನು ನಾನು ಬರೆಯುತ್ತೇನೆ, ಅದರಲ್ಲಿ ನನಗೆ ಪೆಟ್ಟು ಬಿದ್ದಿದೆ. ಮುಂಗಡ 10%. ಪೈಪ್ ಮತ್ತು ತಂತಿ ಪರೀಕ್ಷೆಯಾದ ಮೇಲೆ 30. ಕಲ್ಲು, ಟೈಲ್ಸ್ ಕೂತ ಮೇಲೆ 25. ಮರದ ಕೆಲಸಕ್ಕೆ 25. ಉಳಿದ 10% ಅನ್ನು ಅಮ್ಮ ಒಂದು ತಿಂಗಳು ಅಡುಗೆ ಮಾಡಿದ ಮೇಲೆ ಕೊಡೋಣ. ಇದಲ್ಲದೆ 50,000 ರೂಪಾಯಿ ಬೇರೆ ಇಡಿ, ಹಳೆಯ ಗೋಡೆ ಒಡೆದಾಗ ಏನು ಸಿಗುತ್ತದೆಯೋ ಯಾರಿಗೂ ಗೊತ್ತಿಲ್ಲ. ಆ ಐವತ್ತು ಸಾವಿರ ನಮ್ಮ ಬಳಿ ಇದೆ ಎಂದು ಗುತ್ತಿಗೆದಾರರಿಗೆ ಹೇಳಬೇಡಿ.

ಅಣ್ಣ, ರಾತ್ರಿ 9.15
ಎಲ್ಲವನ್ನೂ ಒಂದು ಪುಟ ಮಾಡಿ ಕಳುಹಿಸಿದೆ. ಒಡೆದ ಮಣ್ಣನ್ನು ಸಾಗಿಸುವ ಲಾರಿಯ ಬಾಡಿಗೆಯನ್ನೂ ಸೇರಿಸಿದೆ, ಅದು ಅವರ ಹಾಳೆಯಲ್ಲಿ ಇರಲೇ ಇಲ್ಲ. 10% ಮುಂಗಡಕ್ಕೆ ಮರದಂಗಡಿಯವರು ಸಾಮಾನು ಕೊಡುವುದಿಲ್ಲ ಎನ್ನುತ್ತಿದ್ದಾರೆ ಗುತ್ತಿಗೆದಾರರು. ಪ್ಲೈವುಡ್ ಹಣವನ್ನು ನಾವೇ ಟಿಂಬರ್ ಯಾರ್ಡ್ ಲೇಔಟ್‌ನ ಅಂಗಡಿಗೆ ನೇರವಾಗಿ ಕಟ್ಟುತ್ತೇವೆ ಎಂದೆ. ಯೋಚಿಸಿ ಹೇಳುತ್ತೇನೆ ಎಂದರು. ಭಾನುವಾರ ಮತ್ತೆ ಅಳತೆಗೆ ಬರುತ್ತಾರೆ. ಬರದಿದ್ದರೆ ಬೇರೆಯವರನ್ನು ನೋಡೋಣ.

ಚಿಕ್ಕಪ್ಪ, 9.18
ಭಾನುವಾರ ಹತ್ತು ಗಂಟೆಗೆ ನಾನೂ ಬರುತ್ತೇನೆ. ಕೆಲಸ ನಡೆಯುವ ದಿನಗಳಲ್ಲಿ ಒಲೆ ಎಲ್ಲಿ?

ಅಣ್ಣ, 9.19
ಹಿತ್ತಲ ಬಾಗಿಲ ಹತ್ತಿರ ಬಟ್ಟೆ ಒಗೆಯುವ ಜಾಗದಲ್ಲಿ.

ಚಿಕ್ಕಪ್ಪ, 9.21
ಸಿಲಿಂಡರನ್ನೂ ಅಲ್ಲಿಗೇ ತನ್ನಿ. ಟ್ಯೂಬ್ ಒಂದೂವರೆ ಮೀಟರ್‌ಗಿಂತ ಉದ್ದ ಇರಬಾರದು, ಬಾಗಿಲ ಸಂದಿಯಲ್ಲಿ ಎಳೆಯಬೇಡಿ.

ಅಮ್ಮ, 9.30
ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನು ನಾಳೆಯಿಂದಲೇ ಇಳಿಸುತ್ತೇನೆ. ಯಾವುದು ಬೇಕು, ಯಾವುದು ಬೇಡ ಎಂದು ನೋಡಲು ಸಮಯ ಬೇಕು.

ಅಣ್ಣ, 9.30
ಏಣಿ ಹತ್ತಬೇಡ ಅಮ್ಮ. ಕಚೇರಿಯಿಂದ ಬಂದು ನಾನು ಇಳಿಸಿಕೊಡುತ್ತೇನೆ, ನೀನು ಕೆಳಗೆ ಕುಳಿತು ನೋಡು.