ಎರಡು ವಾರ ಭಿನ್ನರಾಶಿ ಹೇಳಿದರೂ ಮಾರ್ಕ್ಸ್ ಅಲ್ಲೇ ಇದೆ, ಇದು ಗುಪ್ತೋಷ್ಣವಾ?

ಸಿಂಧನೂರು ಮೇಷ್ಟ್ರು:
ಹಳ್ಳಿ ಶಾಲೆ, ಆರನೇ ಕ್ಲಾಸು. ಗಣಿತ, ವಿಜ್ಞಾನ ಎರಡೂ ನನ್ನವೇ. ಭಿನ್ನರಾಶಿ ಕೂಡಿಸೋದು ಶುರು ಮಾಡಿ ಎರಡು ವಾರ ಆಯಿತು. ಎರಡು ಟೆಸ್ಟ್ ಕೊಟ್ಟೆ, ಮಾರ್ಕ್ಸ್ ಮೇಲೇಳಲೇ ಇಲ್ಲ. 1/2ಕ್ಕೆ 1/3 ಕೂಡಿಸಿ ಅಂದರೆ ಈಗಲೂ ಅರ್ಧ ಕ್ಲಾಸು 2/5 ಅಂತ ಬರೆಯುತ್ತದೆ. ಬೇಜಾರಲ್ಲಿ ಕೂತಾಗ ಗುಪ್ತೋಷ್ಣ, ಅಂದರೆ ಉಷ್ಣತೆ ಏರಿಸದೆ ಬರೀ ಕರಗಿಸೋಕೇ ಖರ್ಚಾಗುವ ಶಾಖ, ನೆನಪಾಯಿತು. 0 ಡಿಗ್ರಿಯ ಒಂದು ಗ್ರಾಂ ಮಂಜುಗಡ್ಡೆ ಪೂರ್ತಿ ನೀರಾಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು, ಅಷ್ಟು ಕುಡಿದರೂ ಥರ್ಮಾಮೀಟರ್ ಕದಲುವುದಿಲ್ಲ, ಆದರೆ ಆಮೇಲೆ ಇನ್ನೊಂದು 80 ಕೊಟ್ಟರೆ ಅದೇ ನೀರು ಹತ್ತಿರಹತ್ತಿರ 80 ಡಿಗ್ರಿ ಮುಟ್ಟುತ್ತದೆ. ನಮ್ಮ ಮಕ್ಕಳೂ ಒಳಗೊಳಗೇ ಕರಗುತ್ತಿದ್ದಾರಾ, ಇಲ್ಲಾ ನಾನೇ ಸುಮ್ನೆ ಸಮಾಧಾನ ಮಾಡಿಕೊಳ್ಳುತ್ತಿದ್ದೀನಾ?

ಗಂಗಾವತಿ ಟೀಚರ್:
ಹೋಲಿಕೆ ಚೆನ್ನಾಗಿದೆ ಸರ್, ಆದರೆ ಒಲೆ ಆರಿದ್ದರೂ ಥರ್ಮಾಮೀಟರ್ ಕದಲಲ್ಲ ಅಲ್ವಾ? ಕರಗುತ್ತಿದ್ದರೆ ತಳದಲ್ಲಿ ನೀರು ಕಾಣಬೇಕು. ಮಾರ್ಕ್ಸ್ ಬಿಡಿ, ತಪ್ಪುಗಳನ್ನು ನೋಡಿ. ಮೊದಲ ಟೆಸ್ಟಲ್ಲಿ 2/5 ಬರೆದವನು ಎರಡನೆಯದರಲ್ಲಿ 2/6 ಬರೆದಿದ್ದರೆ, ಛೇದ ಒಂದೇ ಆಗಬೇಕು ಅನ್ನೋದು ತಲೆಗೆ ಹೋಗಿದೆ, ಅಂಶ ಬದಲಿಸೋದು ಮರೆತಿದ್ದಾನೆ ಅಷ್ಟೇ. ಎರಡಕ್ಕೂ ಸೊನ್ನೆಯೇ, ಆದರೆ ಎರಡೂ ಒಂದೇ ಅಲ್ಲ. ನನ್ನ ಕ್ಲಾಸಲ್ಲಿ ಒಬ್ಬಳು, "ಅರ್ಧ ರೊಟ್ಟಿಗೆ ಇನ್ನಷ್ಟು ಕೂಡಿಸಿದ್ರ ಅರ್ಧಕ್ಕಿಂತ ಕಮ್ಮಿ ಹೆಂಗ್ ಆಗ್ತದ್ರೀ ಟೀಚರ್?" ಅಂದಳು. 2/5 ಅರ್ಧಕ್ಕಿಂತ ಕಡಿಮೆ ಅಂತ ತಾನೇ ಹಿಡಿದಿದ್ದಳು. ಆ ದಿನದ ಟೆಸ್ಟಲ್ಲೂ ಅವಳಿಗೆ ಸೊನ್ನೆ!

ಬಳ್ಳಾರಿ ಫಿಸಿಕ್ಸ್ (ರಿಟೈರ್ಡ್):
ಮೇಡಂ ಹೇಳಿದ್ದು ಸರಿ. ನನ್ನದು ಎರಡು ಮಾತು. ಗಡ್ಡೆಯನ್ನು ಪುಡಿ ಮಾಡಿದರೆ ಬೇಗ ಕರಗುತ್ತದೆ, ಶಾಖ ತಗಲುವ ಮೇಲ್ಮೈ ಜಾಸ್ತಿಯಾಗುತ್ತದೆ. ನೇರವಾಗಿ 1/2ಕ್ಕೆ 1/3 ಯಾಕೆ? ಮೊದಲು 1/5, 2/5 ಕೂಡಿಸಲಿ. ಆಮೇಲೆ 1/2, 1/4. ಇನ್ನೊಂದು, ನಿಮ್ಮ ಪೀರಿಯಡ್ ಯಾವಾಗ? ನಮ್ಮ ಕಡೆ ಬಿಸಿಲಲ್ಲಿ, ಬಿಸಿಯೂಟ ಮುಗಿಸಿ, ಫ್ಯಾನೂ ಇಲ್ಲದೆ ಕೂತ ಮಕ್ಕಳಿಗೆ ಹೇಳಿದರೆ ಕೊಟ್ಟಿದ್ದಕ್ಕಿಂತ ಸೋರಿದ್ದೇ ಹೆಚ್ಚು. ಹಾಂ, ಮಂಜುಗಡ್ಡೆಯ ಪ್ರತಿ ಗ್ರಾಂಗೂ 80 ಸಾಕು. ಮಕ್ಕಳಲ್ಲಿ ಒಬ್ಬನಿಗೆ 20, ಇನ್ನೊಬ್ಬನಿಗೆ 200. ಹೋಲಿಕೆ ಅಲ್ಲಿಗೆ ಮುರಿಯುತ್ತದೆ.

ಸಿಂಧನೂರು ಮೇಷ್ಟ್ರು:
ಪೇಪರ್ ಮತ್ತೆ ತೆಗೆದು ನೋಡಿದೆ. ಆರೇಳು ಜನ 2/6 ಬರೆದಿದ್ದಾರೆ, ನಾನು ಕೆಂಪು ಗೀಟು ಎಳೆದು ಮುಂದೆ ಹೋಗಿದ್ದೆ. ಪೀರಿಯಡ್ಡೂ ಊಟ ಆದ ಮೇಲೇ ಸರ್. ಬೆಳಗಿನ ಮೊದಲ ಪೀರಿಯಡ್ ಕನ್ನಡ ಟೀಚರ್ ಹತ್ತಿರ ಇದೆ, ಬಿಟ್ಟುಕೊಡುತ್ತಾರಾ ನಾಳೆ ಕೇಳಿ ನೋಡುತ್ತೇನೆ.